ಗೌಡತಿಯ ಗಲ್ಲಕ್ಕೆ ಬ್ಯಾಡಗಿ ಬಣ್ಣ

ಮೆಣಸಿನಕಾಯಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇದನ್ನು ಮೊದಲಿಗೇ ಸ್ಪಷ್ಟಪಡಿಸಿಬಿಡುತ್ತೇನೆ. ಬ್ಯಾಡಗಿಯ ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದ ದಲಾಲಿ ಅಂಗಡಿ. ರೈತರು ತಂದ ಕಾಯಿಯನ್ನು ರಾಶಿ ಹಾಕಿಸಿ ವ್ಯಾಪಾರಸ್ಥರಿಗೆ ಮಾರಿಸಿಕೊಡುವುದು ನನ್ನ ಉದ್ಯೋಗ. ಒಂದು ಕಾಯಿ ಕೈಯಲ್ಲಿ ಹಿಡಿದು ಮುರಿದೆನೆಂದರೆ ಅದರ ಜಾತಕ ಹೇಳಬಲ್ಲೆ. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಬಣ್ಣವನ್ನು ಹಿಂಡಿ ತೆಗೆದು ಪರದೇಶಕ್ಕೆ ಕಳಿಸುತ್ತಾರೆ, ಅಲ್ಲಿ ಅದನ್ನು ಲಿಪ್‌ಸ್ಟಿಕ್ಕಿಗೆ ಬೆರೆಸುತ್ತಾರೆ ಎಂಬ ಸಂಗತಿ ಬ್ಯಾಡಗಿಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಹೊರ ಊರಿನವರು ಅಂಗಡಿಗೆ ಬಂದರೆ ನಾನು ಚಹಾ ತರಿಸುವುದಕ್ಕಿಂತ ಮುಂಚೆ ಈ ಸಂಗತಿ ಹೇಳುತ್ತೇನೆ. ಕೆಲವರು ಚಹಾ ಬೇಡವೆಂದು ಎದ್ದುಹೋಗಿದ್ದೂ ಉಂಟು.

ಹಾವೇರಿ ಹೊಸ ಜಿಲ್ಲೆಯಾಗಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. ಜಿಲ್ಲೆಯ ಮಹಿಳಾ ಮಂಡಳಗಳಿಗೆಲ್ಲ ಹಾವೇರಿಯಲ್ಲಿ ಒಂದು ನಾಟಕ ಸ್ಪರ್ಧೆ ಏರ್ಪಟ್ಟಿತು. ನಮ್ಮ ಓಣಿಯ ಮಂಡಳದವರೂ ಹೆಸರು ಕೊಟ್ಟರು. ನಾಟಕ ಬರೆದವರು ಮೂಲೆಮನೆಯ ಪದ್ಮಾ ಟೀಚರು. ಕಣ್ಣಲ್ಲಿ ಒಂದು ಹನಿ ನೀರು ಹಾಕದೆ ಊರನ್ನೇ ಆಳುವ ಗಟ್ಟಿ ಗೌಡತಿಯ ಕಥೆ. ಬಹಳ ಗಂಭೀರ ನಾಟಕ. ಮೀಸೆ ಅಂಟಿಸಿಕೊಳ್ಳಲು ಯಾವ ಹೆಂಗಸೂ ಒಪ್ಪದ ಕಾರಣ ಗೌಡರು ಮಾತ್ರ ನಾಟಕ ಮುಗಿಯುವವರೆಗೂ ಒಳಗಿನ ಕೋಣೆಯಲ್ಲೇ ಇರುತ್ತಿದ್ದರು. ಅವರು ಅಲ್ಲಿ ಏನು ಮಾಡುತ್ತಿದ್ದರೆಂದು ಪದ್ಮಾ ಟೀಚರು ಬರೆದಿರಲಿಲ್ಲ.

ಗೌಡತಿಯ ಪಾರ್ಟು ಬಂದದ್ದು ನನ್ನ ಹೆಂಡತಿ ಸುಮಿತ್ರಾಗೆ!

ಸುಮಿತ್ರಾಳ ತವರು ರಾಣೆಬೆನ್ನೂರು ಹತ್ತಿರದ ಹಲಗೇರಿ. ಅಲ್ಲಿ ಶಾಲೆಯಲ್ಲಿದ್ದಾಗ ಒಂದು ನಾಟಕದಲ್ಲಿ ಅವಳಿಗೆ ರಾಣಿಯ ಪಾರ್ಟು ಕೊಟ್ಟಿದ್ದರಂತೆ. ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದಾಗ ನಮ್ಮ ಮಾವನವರು ಬಂದು, “ನಮ್ಮ ಮನಿ ಹುಡುಗ್ಯಾರು ಬಣ್ಣಾ ಹಚ್ಚೂದಿಲ್ಲ” ಎಂದು ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದರಂತೆ. ಅಡುಗೆ ಮಾಡುವಾಗ ಅವಳು ಆ ರಾಣಿಯ ಮಾತುಗಳನ್ನು ಗುನುಗುವುದನ್ನು ನಾನು ಮದುವೆಯಾದಾಗಿನಿಂದ ಕೇಳುತ್ತ ಬಂದಿದ್ದೇನೆ. ಈಗ, ಮಗಳ ಮದುವೆ ಮಾಡಿದ ಮೇಲೆ, ಮತ್ತೆ ಬಣ್ಣ ಹಚ್ಚುವ ಯೋಗ ಬಂದಿತ್ತು. “ಈ ಸಲಾ ಯಾರೂ ಕೈ ಹಿಡದು ಎಳೀಬಾರದ್ರಿ, ಅಷ್ಟ ಸಾಕು” ಎಂದಳು. ನಾನಿರುವಾಗ ಯಾರು ಎಳೆಯುತ್ತಾರೆ ಎಂದು ಮೀಸೆ ತಿರುವಿದೆ.

ಆ ಭಾನುವಾರ ಪೇಪರಿನ ಪುರವಣಿ ಓದಿದೆ ನೋಡಿ.

ಮುಖದ ಅಲಂಕಾರದ ಸಾಮಾನುಗಳಲ್ಲಿ ವಿಷ ಇರುತ್ತದಂತೆ! ಇವತ್ತು ನಿನ್ನೆಯದಲ್ಲವಂತೆ. ಹಿಂದೆ ಪರದೇಶದ ರಾಣಿಯರು ಬಿಳುಪಾಗಿ ಕಾಣಲು ಸೀಸದ ಪುಡಿ ಬಳಿದುಕೊಳ್ಳುತ್ತಿದ್ದರಂತೆ. ಅದರಿಂದ ಚರ್ಮ ಕೆಟ್ಟುಹೋಗುತ್ತಿತ್ತಂತೆ. ಕೆಟ್ಟ ಚರ್ಮ ಮುಚ್ಚಲು ಏನು ಬಳಿಯುತ್ತಿದ್ದರು? ಇನ್ನಷ್ಟು ಸೀಸ! ಕಣ್ಣು ದೊಡ್ಡದಾಗಿ ಹೊಳೆಯಲಿ ಎಂದು ವಿಷದ ಗಿಡದ ರಸವನ್ನು ಕಣ್ಣಿಗೇ ಬಿಟ್ಟುಕೊಳ್ಳುತ್ತಿದ್ದರಂತೆ. ಬಣ್ಣ ತಿಳಿಯಾಗಲಿ ಎಂದು ಪಾಷಾಣ ತಿನ್ನುತ್ತಿದ್ದರಂತೆ, ನಾವು ಚುರುಮುರಿ ತಿಂದಂತೆ! ಹೋಗಲಿ, ಅವರ ಕಾಲ ಮುಗಿಯಿತು ಎಂದುಕೊಂಡು ಪುಟ ತಿರುವಿದರೆ ಇವತ್ತಿನ ಪಾಳಿ. ಹೆಸರಿಲ್ಲದ ಬೆಳ್ಳಗಾಗುವ ಕ್ರೀಮಿನಲ್ಲಿ ಪಾದರಸ. ಕೆಲವು ಕಾಡಿಗೆಗಳಲ್ಲಿ ಸೀಸ. ಲಿಪ್‌ಸ್ಟಿಕ್ಕಿನಲ್ಲೂ ಸೀಸ. ಊಟದ ಜೊತೆ ಅದು ಹೊಟ್ಟೆಗೂ ಹೋಗುತ್ತದಂತೆ!

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಸುಮಿತ್ರಾಳನ್ನು ನೋಡಿದೆ. ನಮ್ಮ ಮನೆಯ ಕನ್ನಡಿಯ ಕೆಳಗೆ ಒಂದು ವಿಷದ ಕಾರ್ಖಾನೆಯೇ ಇದೆ, ನಾನು ದಿನಾ ಅದರ ಪಕ್ಕದಲ್ಲಿ ನಿಂತು ಹಲ್ಲುಜ್ಜುತ್ತಿದ್ದೇನೆ! ಸರಕಾರ ಏನು ಮಾಡುತ್ತದೋ ಮಾಡಲಿ, ಗೃಹಸ್ಥನಾದ ನನಗೊಂದು ಕರ್ತವ್ಯವಿದೆಯಷ್ಟೆ. ಅವಳು ಒಳಗೆ ಚಪಾತಿ ಲಟ್ಟಿಸಲು ಹೋದಾಗ ಪೌಡರು, ಕ್ರೀಮು, ಕಾಡಿಗೆ ಡಬ್ಬಿ, ಮಗಳು ಬಿಟ್ಟುಹೋದ ಲಿಪ್‌ಸ್ಟಿಕ್ಕು, ಎಲ್ಲವನ್ನೂ ಬುಟ್ಟಿಗೆ ತುಂಬಿ ಗಟಾರಕ್ಕೆ ಸುರಿದು ಬಂದೆ.

“ಏನ್ರೀ! ನನ್ನ ಪೌಡರ್ ಡಬ್ಬಿ ಎಲ್ಲಿ?”

“ಗಟಾರದಾಗ ಐತಿ. ಸುಮಿತ್ರಾ, ಇವತ್ತಿನಿಂದ ನಿನ್ನ ಆಯುಷ್ಯ ಜಾಸ್ತಿ ಆತು!”

“ನಿಮ್ಮದು ಕಮ್ಮಿ ಆಗ್ತೈತಿ ಈಗ” ಎಂದು ಅವಳು ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. ನಾನು ಪುರವಣಿಯನ್ನು ಗುರಾಣಿಯಂತೆ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಪಾದರಸ ಎಂದಾಗ ಅವಳ ಮುಖ ಸಣ್ಣದಾಯಿತು. ಗಲ್ಲ ಮುಟ್ಟಿ ನೋಡಿಕೊಂಡಳು. ಲಟ್ಟಣಿಗೆ ಕೆಳಗಿಳಿಯಿತು.

ಮಾರನೆಯ ದಿನ ರಾಣೆಬೆನ್ನೂರಿನಿಂದ ಬಣ್ಣದ ಖಾದರಸಾಬರು ಬಂದರು. ಊರೂರಿನ ನಾಟಕಗಳಿಗೆ ಬಣ್ಣ ಹಚ್ಚುವವರು. ಮಂಡಳದವರೇ ಅವರನ್ನು ಗೊತ್ತುಮಾಡಿದ್ದರು. ಮೆಹಂದಿ ಹಚ್ಚಿದ ಕೆಂಪು ಗಡ್ಡ, ಕೈಯಲ್ಲಿ ತಗಡಿನ ದೊಡ್ಡ ಟ್ರಂಕು. ಗೌಡತಿಯ ಮುಖಕ್ಕೆ ಬಣ್ಣ ಹೊಂದಿಸಿ ನೋಡಲು ಬಂದವರು ನಮ್ಮ ಪಡಸಾಲೆಯಲ್ಲಿ ಕೂತು ಟ್ರಂಕು ತೆರೆದರು. ನಾನು ಬಗ್ಗಿ ನೋಡಿದೆ. ಮೇಲೆ ಟ್ಯೂಬು, ಬ್ರಷ್ಷು. ತಳದಲ್ಲಿ ತುಕ್ಕು ಹಿಡಿದ ಮೂರು ಡಬ್ಬಿ.

“ಇವೇನ್ರಿ ಸಾಬರ?”

“ಹಳೇ ಬಣ್ಣ್ರಿ. ಇದು ಬಿಳೇ ಸಫೇದಾ, ಇದು ಕೆಂಪು ಇಂಗಳೀಕ, ಇದು ಹಳದಿ ಅರದಾಳ. ನನಗ ಈ ಕೆಲಸಾ ಕಲಿಸಿದ ಉಸ್ತಾದರವು.”

ನಾನು ಕೂತಲ್ಲಿಂದ ಹಾರಿ ಎದ್ದೆ. ಪುರವಣಿಯ ಪುಣ್ಯದಿಂದ ನನಗೀಗ ಎಲ್ಲ ಗೊತ್ತಿತ್ತು! “ಇಂಗಳೀಕ ಅಂದ್ರ ಪಾದರಸ! ಅರದಾಳ ಅಂದ್ರ ಪಾಷಾಣ! ಹಳೇ ಸಫೇದಾ ಅಂದ್ರ ಸೀಸ! ಸಾಬರ, ಇದು ಬಣ್ಣದ ಪೆಟಿಗಿ ಅಲ್ಲ, ಯಮಧರ್ಮನ ಪೆಟಿಗಿ!”

ಖಾದರಸಾಬರು ಇಂಗಳೀಕದ ಡಬ್ಬಿಯ ಮುಚ್ಚಳ ಒರೆಸುತ್ತ, “ಇರಬೌದ್ರಿ. ಉಸ್ತಾದರಿಗೆ ಕಡೀ ಕಡೀಕ ಕೈ ಭಾಳ ನಡಗ್ತಿದ್ವು. ಹುಬ್ಬಿನ ಗೆರಿ ಎಳಿಯಾಕ ಬರವಲ್ದಾಗಿತ್ತು. ಹಲ್ಲಿನ ವಸಡೆಲ್ಲಾ ಕರ್ರಗ. ಯಾರಿಗೆ ಗೊತ್ತಿತ್ತ್ರಿ? ವಯಸ್ಸಾತು ಅಂದ್ವಿ” ಎಂದರು.

ಪುರವಣಿಯಲ್ಲಿ ಓದಿದ ರಾಣಿಯರು ಎಲ್ಲೋ ದೂರದವರು. ಈ ಉಸ್ತಾದರು ಇಲ್ಲೇ, ಪಕ್ಕದ ರಾಣೆಬೆನ್ನೂರಿನವರು. ಜೀವಮಾನವೆಲ್ಲ ಮಂದಿಯನ್ನು ರಾಜರನ್ನಾಗಿ ಮಾಡಿ, ಕೊನೆಗೆ ಒಂದು ಹುಬ್ಬು ಬರೆಯಲಾರದೆ ಹೋದರು. ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ ದೊಡ್ಡ ಮನುಷ್ಯನಾಗಿರುತ್ತಿದ್ದೆ.

“ನಾ ಇವನ್ನ ಹಚ್ಚೂದಿಲ್ರಿ. ನೆನಪಿಗಂತ ಇಟಗೊಂಡೇನಿ. ಹಚ್ಚೂದು ಈ ಟ್ಯೂಬ್” ಎಂದರು ಅವರು.

“ಟ್ಯೂಬಿನಾಗ ಏನೈತಿ ಅಂತ ನಿಮಗೆ ಗೊತ್ತೈತೇನು?”

“ಅದನ್ನ ಮಾಡಿದವರಿಗೆ ಗೊತ್ತಿರತೈತ್ರಿ.”

“ಹಂಗಾರ ನಮ್ಮ ಮನಿಯವರ ಮಾರಿಗೆ ಅದೂ ಬ್ಯಾಡ!”

ಅವರ ಮುಖ ಕೆಂಪಾಯಿತು. ಟ್ರಂಕು ಮುಚ್ಚಿದರು. “ಬಣ್ಣಾ ಹಚ್ಚೂದು ಮೆಣಸಿನಕಾಯಿ ಯಾಪಾರ ಅಲ್ರಿ ದಲಾಲರ” ಎಂದು ಹೇಳಿ, ನಾನು ತರಿಸಿದ ಚಹಾವನ್ನೂ ಮುಟ್ಟದೆ ಹೊರಟುಹೋದರು. ಸುಮಿತ್ರಾ ಬಾಗಿಲವರೆಗೂ ಅವರ ಹಿಂದೆ ಓಡಿ ತಿರುಗಿ ಬಂದಳು. “ಈಗ ನಮಗ ಬಣ್ಣಾ ಹಚ್ಚಾವರು ಯಾರ್ರೀ?” ಎಂದಳು.

ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಮೆಣಸಿನಕಾಯಿ ವ್ಯಾಪಾರ ಅಲ್ಲವಂತೆ! ಯಾಕಲ್ಲ? ಪರದೇಶದವರು ಹಡಗು ಕಳಿಸಿ ಯಾವ ಬಣ್ಣ ತರಿಸಿಕೊಳ್ಳುತ್ತಾರೋ ಅದು ನನ್ನ ಅಂಗಡಿಯಲ್ಲಿ ಚೀಲಗಟ್ಟಲೆ ಬಿದ್ದಿದೆ. ಪಾದರಸ ಇಲ್ಲ, ಸೀಸ ಇಲ್ಲ. ಅಪ್ಪಟ ಹೊಲದ ಮಾಲು!

“ನಾನು ಹಚ್ಚತೇನಿ” ಎಂದೆ.

ಸುಮಿತ್ರಾ ನನ್ನನ್ನು ಬಹಳ ಹೊತ್ತು ನೋಡಿದಳು. ನಂಬಿಕೆಯಿಂದ ಎಂದು ಆಗ ತಿಳಿದುಕೊಂಡೆ.

ಸಂಶೋಧನೆ ಆರಂಭವಾಯಿತು. ರಾಶಿಯಲ್ಲಿ ಅತಿ ಕೆಂಪಾದ ಕಾಯಿಗಳನ್ನು ನಾನೇ ಆರಿಸಿದೆ. ಬೀಜ ಉದುರಿಸಿ, ಬಿಸಿಲಿಗೆ ಹಾಕಿ, ಕುಟ್ಟಿ, ಬಟ್ಟೆಯಲ್ಲಿ ಶೋಧಿಸಿ, ಸಣ್ಣ ಉರಿಯಲ್ಲಿ ತುಪ್ಪದಲ್ಲಿ ಇಟ್ಟೆ. ಕೆಂಪಿಳಿದ ಮೇಲೆ ಸೋಸಿ ಜೇನುಮೇಣ ಬೆರೆಸಿದೆ. ಆಹಾ, ಏನು ಬಣ್ಣ! ಗಲ್ಲಕ್ಕೂ ತುಟಿಗೂ ಒಂದೇ ಮದ್ದು. ಬಿಳುಪಿಗೆ ಅಕ್ಕಿಹಿಟ್ಟು, ಹಳದಿಗೆ ಅರಿಷಿಣ, ಹುಬ್ಬಿಗೆ ದೀಪದ ಮಸಿ. ಮನೆಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ವಿಜ್ಞಾನಕ್ಕೆ ಇಂಥ ಅಡ್ಡಿಗಳು ಸಹಜ.

“ರೀ, ಇದು ಉರಿಯೂದಿಲ್ಲೇನು?” ಎಂದು ಕೇಳಿದಳು ಸುಮಿತ್ರಾ, ಸೆರಗಿನಿಂದ ಮೂಗು ಮುಚ್ಚಿಕೊಂಡು.

“ಬ್ಯಾಡಗಿ ಕಾಯಿ ಅದು, ಉರಿಯಾಕ ಅದಕ್ಕ ಬರೂದಿಲ್ಲ! ಆದರೂ ನಾ ಪರೀಕ್ಷಾ ಮಾಡದ ಬಿಡೂದಿಲ್ಲ.”

ಮಾಡಿದೆ. ಪುರವಣಿಯಲ್ಲೇ ಬರೆದಿದ್ದರು, ಮೊದಲು ಕೈಗೆ ಹಚ್ಚಿ ನೋಡಬೇಕೆಂದು. ನನ್ನ ಕೈಗೆ ಹಚ್ಚಿಕೊಂಡೆ. ತಣ್ಣಗಿತ್ತು. ಗಲ್ಲಕ್ಕೆ ಹಚ್ಚಿಕೊಂಡೆ. ತಂಪು ಗಾಳಿ ಬೀಸಿದಂತಾಯಿತು. ಒಬ್ಬನ ಮೇಲಿನ ಪರೀಕ್ಷೆ ಸಾಲದೆಂದು ಅಂಗಡಿಗೆ ಒಯ್ದು ಹಮಾಲರ ಗಲ್ಲಕ್ಕೆಲ್ಲ ಬಳಿದೆ. ಹಮಾಲರ ಪೈಕಿ ಹಿರಿಯನಾದ ಯಲ್ಲಪ್ಪ, “ಏನೂ ಆಗವಲ್ದ್ರಿ ಧಣ್ಯಾರ, ಬೆಣ್ಣಿ ಹಚ್ಚಿದಂಗ ಐತಿ” ಎಂದ. ತೂಕದವನಿಗೆ ಹಚ್ಚಿದೆ. ಪಕ್ಕದಂಗಡಿಯ ದಲಾಲರಿಗೆ ಹಚ್ಚಿದೆ. ಒಬ್ಬರಿಗೂ ಉರಿಯಲಿಲ್ಲ! ಇಡೀ ಪೇಟೆಯೇ ಒಕ್ಕೊರಲಿನಿಂದ ನನ್ನ ಬಣ್ಣಕ್ಕೆ ಒಪ್ಪಿಗೆ ಕೊಟ್ಟಿತು.

ಹುಟ್ಟಿದಾಗಿನಿಂದ ಮೆಣಸಿನಕಾಯಿ ಧೂಳಿನಲ್ಲಿ ಉಂಡು, ಮಲಗಿ, ಖಾರದ ಕೈಯಲ್ಲೇ ಬೆವರು ಒರೆಸಿಕೊಂಡು ಬೆಳೆದ ಮಂದಿ ನಾವು. ನಮ್ಮ ಚರ್ಮ ಚರ್ಮವಲ್ಲ, ಗೋಣಿಚೀಲ. ನಮಗೆ ಉರಿಯಬೇಕಾದರೆ ಬೆಂಕಿಯನ್ನೇ ಇಡಬೇಕು. ಈ ಸಣ್ಣ ಸಂಗತಿ ನನಗಾಗಲಿ, ಯಲ್ಲಪ್ಪನಿಗಾಗಲಿ, ಪಕ್ಕದಂಗಡಿಯವರಿಗಾಗಲಿ ಹೊಳೆಯಲಿಲ್ಲ! ಸುಮಿತ್ರಾಳ ಗಲ್ಲಕ್ಕೆ ಹಚ್ಚಿ ನೋಡಬಹುದಿತ್ತು. ಇಷ್ಟು ಜನ ಒಪ್ಪಿದ ಮೇಲೆ ಸುಮ್ಮನೆ ಬಣ್ಣ ಯಾಕೆ ಹಾಳುಮಾಡುವುದು ಎಂದು ಬಿಟ್ಟೆ.

ನಾಟಕದ ದಿನ ಎಲ್ಲರೂ ಪ್ಯಾಸೆಂಜರ್ ರೈಲು ಹತ್ತಿ ಹಾವೇರಿಗೆ ಹೋದೆವು. ಹೊರಡುವ ಮುಂಚೆ ನನ್ನದೂ ಒಂದು ಸಣ್ಣ ಅಲಂಕಾರವಿತ್ತು. ಮುಂದಿನ ಸಾಲಿನಲ್ಲಿ ಕೂರುವವನು ನಾನು, ಗೌಡತಿಯ ಗಂಡ. ತಲೆಗೂ ಮೀಸೆಗೂ ಕರಿ ಬಣ್ಣ ಹಚ್ಚಿ, ರೈಲಿಗೆ ಹೊತ್ತಾಗುತ್ತದೆಂದು ಅರ್ಧಂಬರ್ಧ ತೊಳೆದುಕೊಂಡು ಓಡಿದ್ದೆ. ಅದು ಗಂಡಸರ ಸಾಮಾನು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಣ್ಣದ ಕೋಣೆಯಲ್ಲಿ ಸಾಲಾಗಿ ಕೂತ ಹೆಂಗಸರಿಗೆ ನನ್ನ ಮೇಲ್ವಿಚಾರಣೆಯಲ್ಲಿ ಬಣ್ಣ ಬಿತ್ತು. ಗೌಡತಿಯ ಅತ್ತೆಯ ಪಾರ್ಟಿನ ಪದ್ಮಾ ಟೀಚರು ಮೊದಲು ಬಾಯಿ ತೆರೆದರು. “ತುಟಿ ಚುರುಚುರು ಅನ್ನಾಕತ್ತೈತ್ರಿ.”

“ನೈಸರ್ಗಿಕ ಪದಾರ್ಥ ಅಲ್ರೀ ಟೀಚರ, ಜೀವ ಇರತೈತಿ ಅದಕ್ಕ” ಎಂದೆ.

ಸುಮಿತ್ರಾ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಗಲ್ಲ ಕೆಂಪು ಕೆಂಪಾಗಿ, ಖರೇನೇ ಗೌಡತಿಯ ಹಾಗೆ ಹೊಳೆಯುತ್ತಿದ್ದಳು. “ಸ್ವಲ್ಪ ಬೆಚ್ಚಗ ಅನಸ್ತೈತಿ. ಹೆದರಿಕಿಗೆ ಇರಬೇಕು” ಎಂದು ನಕ್ಕಳು. ಅಷ್ಟರಲ್ಲಿ ಗಂಟೆ ಬಾರಿಸಿದರು.

ಪರದೆ ಸರಿಯಿತು. ದೊಡ್ಡ ದೊಡ್ಡ ದೀಪಗಳು ಹತ್ತಿದವು. ದೀಪದ ಶಾಖಕ್ಕೆ ತುಪ್ಪ ಕರಗಿತು, ಮೇಣ ಕರಗಿತು, ಹಣೆಯ ಬೆವರು ಇಳಿಯಿತು, ಒರೆಸಿಕೊಂಡ ಕೈಯ ಜೊತೆ ಖಾರ ಕಣ್ಣಿಗೆ ಹತ್ತಿತು. ಮೊದಲು ಪದ್ಮಾ ಟೀಚರ ಒಂದು ಕಣ್ಣು ಮುಚ್ಚಿತು. ಆಮೇಲೆ ಇನ್ನೊಂದು. ಕುರ್ಚಿ ಎಂದು ತಿಳಿದು ತುಳಸಿಕಟ್ಟೆಯ ಮೇಲೆ ಕೂತರು. ರಟ್ಟಿನ ಕಟ್ಟೆ. ಕೂತೇಬಿಟ್ಟಿತು! ಆಳಿನ ಪಾರ್ಟಿನವಳು ಮಾತು ಮರೆತು ಎರಡೂ ಕೈಯಿಂದ ಗಲ್ಲ ಬೀಸಿಕೊಳ್ಳತೊಡಗಿದಳು. ಜನ ಮೊದಲು ಪಿಸುಗುಟ್ಟಿದರು, ಆಮೇಲೆ ಕಿಸಕ್ಕೆಂದರು.

ನಡುವೆ ನಿಂತಿದ್ದಳು ಸುಮಿತ್ರಾ. ಅವಳ ದೊಡ್ಡ ಮಾತು ಬರುವ ಹೊತ್ತು. ಕಣ್ಣುಗಳಿಂದ ತುಂಗಭದ್ರೆ ಹರಿಯುತ್ತಿದೆ. ಕೈಯೆತ್ತಿ ಗರ್ಜಿಸಿದಳು. “ಈ ಗೌಡತಿ ಕಣ್ಣಾಗ ಒಂದ ಹನಿ ನೀರು ನೋಡಿದವರು ಈ ಸೀಮಿಯೊಳಗ ಯಾರೂ ಹುಟ್ಟಿಲ್ಲ!”

ಸಭಾಂಗಣ ಹೋ ಎಂದಿತು. ಶಿಳ್ಳೆ ಬಿದ್ದವು.

ಆಗ ತಿಳಿಯಿತು, ನಾನು ಏನು ಮಾಡಿದ್ದೇನೆಂದು. ಹಲಗೇರಿಯಲ್ಲಿ ಅವಳಪ್ಪ ಕೈ ಹಿಡಿದು ಎಳೆದರು. ಇಲ್ಲಿ ನಾನು ಮುಖವನ್ನೇ ಹಿಡಿದು ಎಳೆದಿದ್ದೆ! ಅವಳು ಅಳುತ್ತ ಒಳಗೆ ಓಡಿಹೋಗುತ್ತಾಳೆ, ಇನ್ನೆಂದೂ ಬಣ್ಣ ಹಚ್ಚುವುದಿಲ್ಲ ಎಂದು ಅನಿಸಿ ನನಗೆ ಕೂತ ಕುರ್ಚಿಯೊಳಗೇ ಇಳಿದುಹೋಗುವಂತಾಯಿತು.

ಸುಮಿತ್ರಾ ಓಡಲಿಲ್ಲ. ಗದ್ದಲ ಇಳಿಯುವವರೆಗೆ ನಿಂತಳು. ಸೊಂಟದ ಮೇಲೆ ಕೈಯಿಟ್ಟು, ಕಣ್ಣೀರು ಸುರಿಯುತ್ತಿದ್ದಂತೆಯೇ, ಸಭೆಯತ್ತ ಬೆರಳು ತೋರಿಸಿದಳು. “ಯಾಕ ನಗ್ತೀರೋ? ಇದು ಕಣ್ಣೀರಲ್ಲ! ಒಳಗ ನಮ್ಮ ಗೌಡರು ಒಗ್ಗರಣಿ ಹಾಕಾಕತ್ತಾರ! ಜೀವಮಾನದಾಗ ಮದಲನೇ ಸಲ ಒಲಿ ಮುಂದ ಕುಂತಾರ, ಊರಿಗೆಲ್ಲಾ ಘಾಟು ಎಬ್ಬಿಸ್ಯಾರ! ಅತ್ತೀ, ನೀವ್ಯಾಕ ಅಳ್ತೀರಿ? ನೀವ ಹಡದ ಮಗಾ ಅಲ್ಲೇನ್ರೀ ಅಂವಾ!”

ಕುಸಿದ ಕಟ್ಟೆಯ ಮೇಲಿಂದಲೇ ಪದ್ಮಾ ಟೀಚರು ಕಣ್ಣು ಮುಚ್ಚಿಕೊಂಡು, “ಹಡದದ್ದಕ್ಕ ಅಳಾಕತ್ತೇನವಾ!” ಎಂದರು.

ಚಪ್ಪಾಳೆಗೆ ಛಾವಣಿ ಹಾರಿಹೋಗುವಂತಾಯಿತು. ಅಲ್ಲಿಂದ ಮುಂದೆ ನಾಟಕ ಬರೆದಂತೆ ನಡೆಯಲೇ ಇಲ್ಲ. ಯಾರಿಗೆ ಉರಿ ತಡೆಯದಾದರೂ ಒಳಗಿನ ಗೌಡರನ್ನು ಬೈದು ಹೊರಗೆ ಹೋಗಿ ಕಣ್ಣು ತೊಳೆದು ಬರುವುದು, ಜನ ಬಿದ್ದುಬಿದ್ದು ನಗುವುದು. ಒಂದು ಮೂಲೆಯಲ್ಲಿ ಕೆಂಪು ಗಡ್ಡವೊಂದು ನಗುತ್ತ ಅಲುಗಾಡುತ್ತಿತ್ತು. ಖಾದರಸಾಬರು! ಕೋಪವಿದ್ದರೂ ನೋಡಲು ಬಂದಿದ್ದರು. ನನಗೂ ಕಣ್ಣು ತುಂಬಿತು. ಮೆಣಸಿನಕಾಯಿಯಿಂದಲ್ಲ, ಆಣೆಮಾಡಿ ಹೇಳುತ್ತೇನೆ. ಅವಮಾನ ನನ್ನದು, ಹೆಮ್ಮೆಯೂ ನನ್ನದೇ. ಬೆವರು, ಕಣ್ಣೀರು ಎರಡನ್ನೂ ಕರವಸ್ತ್ರದಲ್ಲಿ ಒರೆಸಿಕೊಂಡೆ.

ನಾಟಕ ಮುಗಿಯುತ್ತಲೇ ಹೆಂಗಸರೆಲ್ಲ ಕ್ಯಾಂಟೀನಿಗೆ ನುಗ್ಗಿದರು. ಅಲ್ಲಿದ್ದ ಮೊಸರನ್ನೆಲ್ಲ ಮುಖಕ್ಕೆ ಬಳಿದುಕೊಂಡು ಬೆಳ್ಳಗೆ ಕೂತರು. ಸಫೇದಾ ಬೇಡವೆಂದು ಅಷ್ಟು ಹಾರಾಡಿದವನ ಕಣ್ಣೆದುರೇ! ಸುಮಿತ್ರಾಗೆ ಅತ್ಯುತ್ತಮ ಹಾಸ್ಯನಟಿ ಬಹುಮಾನ ಬಂತು. ಹಾಸ್ಯವೇ ಇಲ್ಲದ ನಾಟಕಕ್ಕೆ! ಮೊಸರು ತೊಟ್ಟಿಕ್ಕುತ್ತಲೇ ಹೋಗಿ ತೆಗೆದುಕೊಂಡಳು. ವೇದಿಕೆಯ ಮೇಲಿಂದ ನನ್ನ ಕಡೆ ನೋಡಿದವಳು ನೋಡುತ್ತಲೇ ನಿಂತಳು. ಸಂತೋಷದಿಂದ ಎಂದು ತಿಳಿದು ಕೈ ಬೀಸಿದೆ. ಪಕ್ಕದವರೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕರವಸ್ತ್ರ ನೋಡಿಕೊಂಡೆ. ಒಲೆ ಒರೆಸುವ ಮಸಿ ಅರಿವೆಯಾಗಿತ್ತು. ಹಣೆಯಿಂದ ಗಲ್ಲದವರೆಗೆ ನನ್ನ ಮುಖದ ಮೇಲೆ ಕರಿ ಕಾಲುವೆಗಳು ಹರಿದಿದ್ದವು!

ಮರುದಿನ ಬೆಳಿಗ್ಗೆ ಸುಮಿತ್ರಾ ಚಹಾದ ಜೊತೆ ಒಂದು ಸಣ್ಣ ಡಬ್ಬಿ ತಂದಿಟ್ಟಳು. ಮುಖ ಇನ್ನೂ ಬಾತಿತ್ತು. ಅದು ನನ್ನ ಕರಿ ಬಣ್ಣದ ಡಬ್ಬಿ.

“ಇದರ ಮ್ಯಾಲೆ ಏನ ಬರದಾರ, ಗಟ್ಟಿಯಾಗಿ ಓದ್ರಿ. ಮೊನ್ನೆ ಪೇಪರ್ ಓದಿದ್ರಲ್ಲಾ, ಹಂಗ.”

ಕನ್ನಡಕ ಹಾಕಿ ಓದಿದೆ. ಇರುವೆ ಸಾಲಿನಂಥ ಅಕ್ಷರ. ಕೆಲವರಿಗೆ ಚರ್ಮ ಕೆರಳಬಹುದು. ಮೊದಲೇ ಪರೀಕ್ಷೆ ಮಾಡಿಕೊಳ್ಳಬೇಕು. ರೆಪ್ಪೆಗೆ, ಹುಬ್ಬಿಗೆ ಹಚ್ಚಬಾರದು, ಕಣ್ಣೇ ಹೋಗಬಹುದು! ನನ್ನ ಧ್ವನಿ ಸಣ್ಣದಾಗುತ್ತ ಬಂತು. ಇಷ್ಟು ವರ್ಷ ಇದನ್ನು ಮೂಗಿನ ಕೆಳಗೇ ಇಟ್ಟುಕೊಂಡು ಓಡಾಡಿದ್ದೆ! ಹುಬ್ಬಿಗೂ ಆಗಾಗ... ಅದು ಇರಲಿ.

“ತನ್ನ ಊಟದ ಗಂಗಾಳದಾಗ ಕತ್ತೆ ಸತ್ತ ಬಿದ್ದಿದ್ರೂ ಮಂದಿ ಗಂಗಾಳದಾಗಿನ ನೊಣಾ ಹೊಡಿಯಾಕ ಹೋದ್ರಂತ” ಎಂದಳು ಸುಮಿತ್ರಾ. “ನನ್ನ ಡಬ್ಬಿ ಎಲ್ಲಾ ಗಟಾರಕ್ಕ ಹೋದ್ವು. ಇದು?”

ನಾನೇ ಎದ್ದು ಹೋಗಿ ಹಾಕಿಬಂದೆ. ಆ ವಾರವೇ ರಾಣೆಬೆನ್ನೂರಿಗೆ ಹೋಗಿ ಖಾದರಸಾಬರ ಕೈ ಹಿಡಿದುಕೊಂಡೆ. ಈಗ ಸುಮಿತ್ರಾಳ ಎಲ್ಲ ನಾಟಕಕ್ಕೂ ಅವರದೇ ಬಣ್ಣ. ಟ್ಯೂಬಿನ ಮೇಲಿನ ಅಕ್ಷರಗಳನ್ನು ಅವಳೇ ಓದಿ ನೋಡುತ್ತಾಳೆ, ಕಿವಿಯ ಹಿಂದೆ ಹಚ್ಚಿ ನೋಡುತ್ತಾಳೆ, ಆಮೇಲೆ ಗಲ್ಲ. ಹೆಸರಿಲ್ಲದ ಕ್ರೀಮು ನಮ್ಮ ಓಣಿಗೆ ಬರುವುದಿಲ್ಲ. ಅಷ್ಟಾದರೂ ಪುಣ್ಯ ಪುರವಣಿಗೆ ಸಲ್ಲಬೇಕು.

ನನ್ನ ತಲೆ, ಮೀಸೆ ಎರಡೂ ನೋಡನೋಡುತ್ತ ಬೆಳ್ಳಗಾದವು. ಮರುವರ್ಷ ಸುಗ್ಗಿಯಲ್ಲಿ ಅಂಗಡಿಯಲ್ಲಿ ಕೂತಿದ್ದೆ. ಹಲಗೇರಿ ಕಡೆಯ ರೈತನೊಬ್ಬ ಕಾಯಿ ತಂದ. ಹಿಂದಿನ ವರ್ಷವೂ ನಮ್ಮಲ್ಲೇ ಹಾಕಿದ್ದವನು. ನನ್ನನ್ನು ನೋಡಿ, ಅಂಗಡಿಯೊಳಗೆಲ್ಲ ಕಣ್ಣಾಡಿಸಿದ.

“ಅಜ್ಜಾರ, ಇಲ್ಲಿ ಕರೀ ಮೀಸಿ ದಲಾಲರು ಒಬ್ಬರು ಇದ್ರಲ್ರೀ. ಎಲ್ಲಿ ಹೋದ್ರು?”

ನಾನೇ ಅವನು ಎಂದು ಹೇಳಲು ನಾಲಿಗೆ ಏಳಲಿಲ್ಲ. “ಹೋದಾ ಅಂವಾ” ಎಂದೆ.

“ಅಯ್ಯ ಶಿವನ! ಏನಾಗಿತ್ರಿ?”

“ವಿಷ. ಭಾಳ ದಿವಸದಿಂದ ಹಚಗೊಳ್ಳಾಕತ್ತಿದ್ದ.”

ಅವನು ತಲೆಯ ಟವೆಲ್ಲು ತೆಗೆದು ಲೊಚಗುಟ್ಟಿದ. ಆಮೇಲೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿದ.

“ಸತ್ತವರ ಬಗ್ಗೆ ಹಂಗ ಅನಬಾರದ್ರಿ ಅಜ್ಜಾರ. ಆದ್ರ ಖರೇ ಹೇಳ್ತೇನಿ, ಮಾತು ಭಾಳ ಇತ್ತು. ಮೀಸಿ ಒಂದ ಛಲೋ ಇತ್ತು ನೋಡ್ರಿ.”